ಭಯಕ್ಕೆ ಬಡ್ಡಿ ಬೆಳೆಯದಿರಲಿ

2020ರ ಮಾರ್ಚ್‌ನಲ್ಲಿ ಮುಚ್ಚಿದ ಶಾಲೆಗಳು ನಮ್ಮ ರಾಜ್ಯದ 1ರಿಂದ 5ನೇ ತರಗತಿಯ ಮಕ್ಕಳಿಗೆ ಮತ್ತೆ ತೆರೆದದ್ದು 2021ರ ಅಕ್ಟೋಬರ್ 25ರಂದು. ಒಂದೂವರೆ ವರ್ಷಕ್ಕೂ ಹೆಚ್ಚು! ಆ ನಡುವೆ ಯಾದಗಿರಿ, ಶಹಾಪುರ, ಸುರಪುರದ ಕಡೆಯಿಂದ ಮುಂಬೈ, ಪುಣೆಗೆ ದುಡಿಯಲು ಹೋಗಿದ್ದ ಎಷ್ಟೋ ಕುಟುಂಬಗಳು ಮಕ್ಕಳನ್ನು ಕಟ್ಟಿಕೊಂಡು ಊರಿಗೆ ಮರಳಿದವು.

ಭಯವಾದರೆ ದೊಡ್ಡವರು ಬಾಯಿಬಿಟ್ಟು ಹೇಳುತ್ತಾರೆ. ಮಕ್ಕಳಲ್ಲಿ ಅದು ಹೊಟ್ಟೆನೋವಾಗಿ, ತಲೆನೋವಾಗಿ, ನಿದ್ದೆಯಿಲ್ಲದ ರಾತ್ರಿಯಾಗಿ ಕಾಣಿಸಿಕೊಳ್ಳುತ್ತದೆ. ‘ಮುತ್ಯಾಗ ಏನಾರ ಆದ್ರ?’ ಎಂಬ ಒಂದೇ ಪ್ರಶ್ನೆಯನ್ನು ಹತ್ತು ಸಲ ಕೇಳುತ್ತಾರೆ. ಇದು ಹಟವೂ ಅಲ್ಲ, ನಾಟಕವೂ ಅಲ್ಲ. ಇದಕ್ಕೆ ಆತಂಕ ಎಂದು ಹೆಸರು.

ಬೆಂಗಳೂರಿನ ನಿಮ್ಹಾನ್ಸ್ ನಮಗೆ ಸುಮಾರು 500 ಕಿ.ಮೀ. ದೂರ. ಲಾಕ್‌ಡೌನಿನಲ್ಲಿ ರೈಲೂ ಇಲ್ಲ, ಬಸ್ಸೂ ಇಲ್ಲ. ಆಗ ದಾರಿ ತೋರಿದ್ದು ಫೋನು. 2020ರ ಮಾರ್ಚ್ 25ರಂದು ಕೇಂದ್ರ ಸರ್ಕಾರ ಟೆಲಿಮೆಡಿಸಿನ್ ಮಾರ್ಗಸೂಚಿ ಹೊರಡಿಸಿತು. ರೋಗಿ ಮಗುವಾಗಿದ್ದರೆ ಜೊತೆಗೆ ದೊಡ್ಡವರೊಬ್ಬರು ಇರಬೇಕು ಎಂಬ ನಿಯಮ ಅದರಲ್ಲಿದೆ. ಆತಂಕದ ಚಿಕಿತ್ಸೆಯಲ್ಲಿ ಈ ದೊಡ್ಡವರ ಕೆಲಸ ಬಹಳ ಮುಖ್ಯ.

ಏಕೆಂದರೆ ಆಪ್ತ ಸಲಹೆಗಾರರು ಮಾತಾಡುವುದು ವಾರಕ್ಕೆ ಒಂದಿಷ್ಟು ಹೊತ್ತು. ಉಳಿದ ದಿನಗಳಲ್ಲಿ ಮಗುವಿನ ಪಕ್ಕದಲ್ಲಿರುವವರು ಅಪ್ಪ, ಅವ್ವ, ಮುತ್ಯಾ, ಆಯಿ. ಶಾಲೆ ತೆರೆದರೂ ಹೋಗಲು ಹೆದರುವ ಹುಡುಗಿಯೊಬ್ಬಳು ಶಹಾಪುರದಲ್ಲಿದ್ದಾಳೆ ಎಂದಿಟ್ಟುಕೊಳ್ಳಿ. ‘ಹೋಗ್ಲಿ ಬಿಡು, ಇವತ್ತ ಸಾಲಿಗಿ ಹೋಗಬ್ಯಾಡ’ ಎಂದು ಆಯಿ ಪ್ರೀತಿಯಿಂದ ಹೇಳಬಹುದು. ಆ ದಿನಕ್ಕೆ ಹೊಟ್ಟೆನೋವು ನಿಲ್ಲುತ್ತದೆ. ಮರುದಿನ ಭಯ ಇನ್ನಷ್ಟು ದೊಡ್ಡದಾಗುತ್ತದೆ. ಬ್ಯಾಂಕಿನಲ್ಲಿ ಕೆಲಸ ಮಾಡಿದವನ ಭಾಷೆಯಲ್ಲಿ ಹೇಳುವುದಾದರೆ, ತಪ್ಪಿಸಿಕೊಂಡಷ್ಟೂ ಭಯದ ಸಾಲಕ್ಕೆ ಚಕ್ರಬಡ್ಡಿ.

ಹಾಗಾಗಿ ಅದನ್ನು ಕಂತು ಕಂತಾಗಿ ತೀರಿಸಬೇಕು. ಮೊದಲ ದಿನ ಶಾಲೆಯ ಗೇಟಿನವರೆಗೆ ನಡೆದು ಹಿಂದಿರುಗುವುದು. ಆಮೇಲೆ ಅಂಗಳದಲ್ಲಿ ಹತ್ತು ನಿಮಿಷ. ಆಮೇಲೆ ಒಂದು ಪೀರಿಯಡ್ಡು. ‘ಈಗ ಭಯ ಹತ್ತಕ್ಕೆ ಎಷ್ಟು?’ ಎಂದು ಕೇಳಿ ನೋಟುಬುಕ್ಕಿನಲ್ಲಿ ಬರೆದಿಡುವುದು. ಎಂಟು ಇದ್ದದ್ದು ಐದಕ್ಕೆ ಇಳಿದದ್ದನ್ನು ಮಗು ತಾನೇ ನೋಡಿದರೆ ಧೈರ್ಯ ಬರುತ್ತದೆ. ಸಲಹೆಗಾರರು ಮುಂದಿನ ವಾರ ಆ ಪುಟವನ್ನು ವಿಡಿಯೋದಲ್ಲಿ ನೋಡಿ ಮುಂದಿನ ಮೆಟ್ಟಿಲು ಹೇಳುತ್ತಾರೆ. ಆಸ್ಟ್ರೇಲಿಯಾದಲ್ಲಿ ‘ಬ್ರೇವ್’ ಎಂಬ ಕಾರ್ಯಕ್ರಮ ಕೋವಿಡ್‌ಗಿಂತ ಬಹಳ ಮೊದಲೇ ಇಂಥ ಮೆಟ್ಟಿಲುಗಳನ್ನು ಅಂತರ್ಜಾಲದ ಮೂಲಕ ಮಕ್ಕಳಿಗೆ ಕಲಿಸುತ್ತಿತ್ತು.

ಮನೆಗೊಂದೇ ಫೋನಿದ್ದರೆ ಅದು ಮನೆಯಲ್ಲಿರುವ ಹೊತ್ತನ್ನೇ ಗೊತ್ತುಮಾಡಿ. ಟಿ.ವಿ. ಆರಿಸಿ, ನೆರೆಯವರಿಲ್ಲದ ಮೂಲೆ ಹುಡುಕಿ. ಮಗು ಒಬ್ಬಳೇ ಮಾತಾಡುತ್ತೇನೆ ಎಂದರೆ ಸಲಹೆಗಾರರ ಒಪ್ಪಿಗೆ ಪಡೆದು ಹೊರಗೆ ಕೂತುಕೊಳ್ಳಿ. ಆದರೆ ಮಗು ಊಟ ಬಿಟ್ಟರೆ, ‘ನಾ ಇರಬಾರದಿತ್ತು’ ಎಂಬಂಥ ಮಾತಾಡಿದರೆ ಫೋನನ್ನೇ ನಂಬಿ ಕೂರಬೇಡಿ. ಅದೇ ದಿನ ಆಸ್ಪತ್ರೆಗೆ ಕರೆದೊಯ್ಯಿರಿ.

ಕೋವಿಡ್ ಹೋದರೂ ಆತಂಕ ಹೋಗಿಲ್ಲ. ಪರೀಕ್ಷೆ, ಹೊಸ ಶಾಲೆ, ಮನೆಯಲ್ಲೊಂದು ಸಾವು, ಯಾವುದರಿಂದಲೂ ಬರಬಹುದು. 2022ರ ಅಕ್ಟೋಬರ್ 10ರಂದು ಆರಂಭವಾದ ‘ಟೆಲಿ ಮಾನಸ್’ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು. ದುಡ್ಡು ಕೊಡಬೇಕಿಲ್ಲ.

ಮಕ್ಕಳೇ, ಎದೆ ಢವಢವ ಎನ್ನುತ್ತಿದ್ದರೆ ಮನೆಯಲ್ಲಿ ಹೇಳಿ. ಮುತ್ಯಾನಿಗೆ ಆ ಐದು ಅಂಕಿ ಒತ್ತಲು ಬಾರದಿದ್ದರೆ ನೀವೇ ಒತ್ತಿಕೊಡಿ. ಮಾತಾಡುವಾಗ ಅವರು ನಿಮ್ಮ ಪಕ್ಕದಲ್ಲಿ ಕೂತಿರಲಿ.