ಹೆಬ್ಬಾಳದ ವಿದ್ಯಾರ್ಥಿಗಳೂ ನಮ್ಮ ತೋಟದ ಲೆಕ್ಕವೂ

ಕೃಷಿ ಪದವಿಯ ಕೊನೆಯ ವರ್ಷದ ವಿದ್ಯಾರ್ಥಿಗಳು ಅಚ್ಚಾದ ಪ್ರಶ್ನಾವಳಿ ಹಿಡಿದು ಮನೆಬಾಗಿಲಿಗೆ ಬಂದಾಗ ನಮ್ಮ ಸದಸ್ಯ ಬಾಂಧವರಲ್ಲಿ ಬಹುಪಾಲು ಜನ ಮೊದಲು ಕಾಫಿ ಕೊಡುತ್ತಾರೆ, ಆಮೇಲೆ ಬಾಯಿಗೆ ಬಂದ ಅಂಕಿ ಕೊಡುತ್ತಾರೆ. ಕಾಫಿಯ ಬಗ್ಗೆ ನಮ್ಮ ತಕರಾರಿಲ್ಲ. ಅಂಕಿಯ ಬಗ್ಗೆ ನಾಲ್ಕು ಮಾತು ಹೇಳಬೇಕಾಗಿದೆ.

ಹೆಬ್ಬಾಳಕ್ಕೂ ನಮಗೂ ನಂಟು ಹಳೆಯದು. 1908ರಲ್ಲಿ ಮೈಸೂರು ಸಂಸ್ಥಾನದ ಸೇವೆಗೆ ಬಂದ ಕೆನಡಾದ ಲೆಸ್ಲಿ ಕೋಲ್‌ಮನ್ನರು ಅಡಿಕೆಯ ಕೊಳೆರೋಗದ ಮೂಲವನ್ನು ಹುಡುಕಿ, ಮೈಲುತುತ್ತ ಸುಣ್ಣದ ದ್ರಾವಣ ಸಿಂಪಡಿಸುವುದನ್ನು ಮಲೆನಾಡಿಗೆ ಕಲಿಸಿದರು. 1913ರಲ್ಲಿ ಹೆಬ್ಬಾಳದಲ್ಲಿ ವ್ಯವಸಾಯ ಶಾಲೆ ಆರಂಭವಾದದ್ದೂ, 1925ರಲ್ಲಿ ಬಾಳೆಹೊನ್ನೂರಿನ ಕಾಫಿ ಪ್ರಯೋಗ ಕೇಂದ್ರ ಆರಂಭವಾದದ್ದೂ ಅವರ ಕಾಲದಲ್ಲಿಯೇ. ಆ ಶಾಲೆ 1946ರಲ್ಲಿ ಕಾಲೇಜಾಯಿತು. 1964ರಲ್ಲಿ ಕೃಷಿ ವಿಶ್ವವಿದ್ಯಾನಿಲಯ ಸ್ಥಾಪನೆಯಾಗಿ, ಮುಂದೆ ಯಲಹಂಕದ ದಾರಿಯಲ್ಲಿ ಗಾಂಧಿ ಕೃಷಿ ವಿಜ್ಞಾನ ಕೇಂದ್ರದ ವಿಸ್ತಾರವಾದ ಆವರಣ ಸಿದ್ಧವಾಯಿತು. ಆಗ ಹೆಬ್ಬಾಳದಿಂದ ರೋಗ ನೋಡುವವರು ಬರುತ್ತಿದ್ದರು; ಈಗ ಲೆಕ್ಕ ಕೇಳುವವರೂ ಬರುತ್ತಾರೆ.

ಕೊನೆಯ ವರ್ಷದಲ್ಲಿ ಹಳ್ಳಿಯಲ್ಲಿ ಉಳಿದು ಕಲಿಯಬೇಕೆಂಬ ನಿಯಮ ರಾಂಧವಾ ಸಮಿತಿಯ 1992ರ ಶಿಫಾರಸಿನ ಫಲ. ಅದಕ್ಕೆ ಗ್ರಾಮೀಣ ಕೃಷಿ ಕಾರ್ಯಾನುಭವ ಎಂದು ಹೆಸರು. ಅರ್ಥಶಾಸ್ತ್ರ ವಿಭಾಗದ ಪಾಲಿಗೆ ಬರುವ ಕೆಲಸವೆಂದರೆ ರೈತ ಕುಟುಂಬದ ಜಮಾ ಖರ್ಚು, ಬೇಸಾಯದ ವೆಚ್ಚ, ಮಾರಾಟದ ದಾರಿ ಇವುಗಳನ್ನು ಖುದ್ದಾಗಿ ಕೇಳಿ ಬರೆದುಕೊಂಡು ವರದಿ ಸಿದ್ಧಪಡಿಸುವುದು. ಸಾಮಾನ್ಯ ಪದವಿ ಕಾಲೇಜುಗಳಲ್ಲೂ 2021-22ರಲ್ಲಿ ನಾಲ್ಕು ವರ್ಷದ ಆನರ್ಸ್ ಬಂದು, ಕೊನೆಯ ವರ್ಷ ಸಂಶೋಧನೆಗೆ ಅವಕಾಶವಾಗಿತ್ತು. 2024-25ರ ಸಾಲಿನಿಂದ ರಾಜ್ಯ ಸರ್ಕಾರ ಮೂರು ವರ್ಷಕ್ಕೇ ಮರಳಿತು. 2012ರಲ್ಲಿ ಶಿವಮೊಗ್ಗದಲ್ಲಿ ಪ್ರತ್ಯೇಕ ವಿಶ್ವವಿದ್ಯಾನಿಲಯ ಆದ ಮೇಲೆ ಮಲೆನಾಡಿನ ಬಹುಭಾಗ ಅದರ ವ್ಯಾಪ್ತಿಗೆ ಸೇರಿದೆ. ವಿದ್ಯಾರ್ಥಿ ಎಲ್ಲಿಂದ ಬಂದರೂ ಕೇಳುವ ಪ್ರಶ್ನೆ ಒಂದೇ.

ರಾಗಿ, ಭತ್ತದ ಬೇಸಾಯದ ವೆಚ್ಚ ಲೆಕ್ಕ ಹಾಕಲು 1970-71ರಿಂದ ಕೇಂದ್ರ ಸರ್ಕಾರದ ಯೋಜನೆಯೇ ಇದೆ. ನಮ್ಮ ರಾಜ್ಯದಲ್ಲಿ ಅದನ್ನು ನಡೆಸುವುದು ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯ. ಬೆಂಬಲ ಬೆಲೆಯ ಪಟ್ಟಿಯಲ್ಲಿ ಕಾಫಿಯೂ ಇಲ್ಲ, ಅಡಿಕೆಯೂ ಇಲ್ಲ. ಆದ್ದರಿಂದ ನಮ್ಮ ಖರ್ಚು ಎಷ್ಟೆಂದು ತೋರಿಸುವ ಹೊಣೆ ಬಹುಮಟ್ಟಿಗೆ ನಮ್ಮದೇ. 2023ರ ಫೆಬ್ರವರಿಯಲ್ಲಿ ಅಡಿಕೆಯ ಕನಿಷ್ಠ ಆಮದು ಬೆಲೆಯನ್ನು ಕಿಲೋಗೆ 251 ರೂಪಾಯಿಯಿಂದ 351ಕ್ಕೆ ಏರಿಸಿದರು. ಇಂಥ ಬೇಡಿಕೆ ಹಿಡಿದು ದೆಹಲಿಗೆ ಹೋದಾಗ ಎದುರಾಗುವ ಮೊದಲ ಪ್ರಶ್ನೆ ಉತ್ಪಾದನಾ ವೆಚ್ಚದ್ದು. ಸಂಘದಲ್ಲಿ ಎಕರೆಗೆ ಎಷ್ಟು ಬೆಳೆಸಾಲ ಎಂದು ಜಿಲ್ಲಾ ತಾಂತ್ರಿಕ ಸಮಿತಿ ನಿಗದಿ ಮಾಡುವಾಗಲೂ ಅದೇ ಪ್ರಶ್ನೆ. ನಾವೋ, ಬೆಲೆ ಕೇಳುವಾಗ ಖರ್ಚು ಹೆಚ್ಚೆನ್ನುತ್ತೇವೆ, ಸಾಲ ಕೇಳುವಾಗ ಫಸಲು ಹೆಚ್ಚೆನ್ನುತ್ತೇವೆ, ಅಪರಿಚಿತರು ಕೇಳಿದರೆ ಎರಡೂ ಕಡಿಮೆ ಎನ್ನುತ್ತೇವೆ!

ಲೆಕ್ಕದಲ್ಲಿ ತೊಡಕಿರುವುದೂ ನಿಜ. ರಾಗಿಯಂತೆ ನಮ್ಮದು ಒಂದು ವರ್ಷದ ಬೆಳೆಯಲ್ಲ. ಮಾತಿಗೆ ಹೇಳುವುದಾದರೆ, ಒಂದು ಎಕರೆ ಅಡಿಕೆ ಎಬ್ಬಿಸಿ ಫಸಲಿಗೆ ತರುವ ಹೊತ್ತಿಗೆ ಮೂರು ಲಕ್ಷ ರೂಪಾಯಿ ಬಿದ್ದಿತೆನ್ನೋಣ. ತೋಟ 30 ವರ್ಷ ಬರುತ್ತದೆಂದು ಸುಮ್ಮನೆ ಭಾಗಿಸಿದರೆ ವರ್ಷಕ್ಕೆ 10,000. ಹೂಡಿದ ಹಣಕ್ಕೆ ಶೇಕಡ 10 ಬಡ್ಡಿ ಸೇರಿಸಿ ಸಮಕಂತು ಹಾಕಿದರೆ ಸುಮಾರು 31,800. ವಿದ್ಯಾರ್ಥಿ ಈ ಎರಡರಲ್ಲಿ ಯಾವುದನ್ನು ಬರೆಯುತ್ತಾನೆ ಎಂಬುದರ ಮೇಲೆ ನಾವು ಲಾಭದಲ್ಲಿದ್ದೇವೋ ನಷ್ಟದಲ್ಲಿದ್ದೇವೋ ತೀರ್ಮಾನವಾದೀತು. ನೀವು ಸಸಿ, ಗುಂಡಿ, ಬಸಿಗಾಲುವೆಯ ಖರ್ಚು ಹೇಳದಿದ್ದರೆ ಎರಡೂ ಬರೆಯಲಾರ.

ಮನೆಯವರ ದುಡಿಮೆಯದು ಇನ್ನೊಂದು ಕತೆ. ಕಣದಲ್ಲಿ ಕಾಫಿ ಹರಡುವುದು, ಅಡಿಕೆ ಸುಲಿಯುವುದು, ಬೇಯಿಸುವುದು, ಇವನ್ನೆಲ್ಲ ಹೆಂಗಸರು ಮಾಡುತ್ತಾರೆ. ಪುಸ್ತಕದಲ್ಲಿ ಒಂದು ಪೈಸೆಯೂ ಏರುವುದಿಲ್ಲ. ಅರ್ಥಶಾಸ್ತ್ರದವರು ಕೈಯಿಂದ ಕೊಟ್ಟ ಖರ್ಚು, ಅದಕ್ಕೆ ಮನೆಯವರ ಕೂಲಿ ಸೇರಿಸಿದ್ದು, ಸ್ವಂತ ಭೂಮಿಯ ಗೇಣಿ ಬಂಡವಾಳದ ಬಡ್ಡಿಯನ್ನೂ ಸೇರಿಸಿದ್ದು ಎಂದು ಬೇರೆ ಬೇರೆ ಅಂಕಣ ಇಡುತ್ತಾರೆ. ಎರಡನೆಯದು ಖಾಲಿ ಉಳಿಯುವುದು ನಾವು ಹೇಳದಿರುವುದರಿಂದ.

ಕಾಫಿಯಲ್ಲಿ ಮೆಣಸಿನ ಗೋಜಲು ಬೇರೆ. ಮರಗಸಿ, ನೀರು, ಕಾವಲು ಎರಡಕ್ಕೂ ಸೇರಿದ್ದು. ಈ ಖರ್ಚನ್ನು ಆದಾಯದ ಪ್ರಮಾಣದಲ್ಲಿ ಹಂಚಿದರೆ, ಮೆಣಸಿನ ಬೆಲೆ ಕುಸಿದ ವರ್ಷ ತೋಟದಲ್ಲಿ ಏನೂ ಬದಲಾಗದೆ ಕಾಫಿಯ ವೆಚ್ಚ ಏರಿದಂತೆ ಕಾಣುತ್ತದೆ. ಆಳಿನ ದಿನದ ಲೆಕ್ಕದಲ್ಲಿ ಹಂಚುವುದು ನಮ್ಮ ಮಟ್ಟಿಗೆ ಹೆಚ್ಚು ಸರಿ. ಅದಕ್ಕೆ ಚೆಕ್‌ರೋಲಿನಲ್ಲಿ ಕೆಲಸದ ಹೆಸರು ಬರೆದಿರಬೇಕು.

ವಿದ್ಯಾರ್ಥಿಗಳಿಗೂ ಒಂದು ಮಾತು. ಬಸ್ಸಿನ ರಸ್ತೆಯ ಪಕ್ಕದ, ರೈಟರ್ ಇಟ್ಟಿರುವ ತೋಟಗಳನ್ನೇ ಕೇಳಿ ಹೋಗಬೇಡಿ. ದೇಶದ ಕಾಫಿ ಹಿಡುವಳಿಗಳಲ್ಲಿ ಶೇಕಡ 98ಕ್ಕೂ ಹೆಚ್ಚು 10 ಹೆಕ್ಟೇರಿಗಿಂತ ಚಿಕ್ಕವು. ಅರೇಬಿಕ ಒಂದು ವರ್ಷ ತುಂಬಿದರೆ ಮರುವರ್ಷ ಕೈಕೊಡುತ್ತದೆ. ಒಂದೇ ವರ್ಷದ ಲೆಕ್ಕ ಯಾವ ಪಕ್ಷಕ್ಕೂ ಸಾಕ್ಷಿಯಾಗದು.

ಆದ್ದರಿಂದ ಸದಸ್ಯರು ಮೂರು ವರ್ಷದ ಚೆಕ್‌ರೋಲ್, ಗೊಬ್ಬರ ಮತ್ತು ಔಷಧಿಯ ರಸೀದಿ, ಮಾರಾಟದ ಪಟ್ಟಿ ಇವನ್ನು ಒಂದೆಡೆ ಕಟ್ಟಿಡಬೇಕು. ಕೊಳೆಗೂ ಎಲೆಚುಕ್ಕಿಗೂ ಹೊಡೆದ ಔಷಧಿಯನ್ನು ಬೇರೆ ಬೇರೆ ಬರೆಯಿರಿ. ಬಂದವರು ತೆರಿಗೆಯವರಲ್ಲ, ಬ್ಯಾಂಕಿನವರೂ ಅಲ್ಲ; ಕಾಲೇಜಿನ ಪತ್ರ ತೋರಿಸಿದ ಮೇಲೆ ಸಂಕೋಚ ಬೇಡ. ಹೆಸರು ಬರೆಯಬಾರದೆಂದು ಕೇಳುವ ಹಕ್ಕು ನಿಮಗಿದೆ. ವರದಿಯ ಒಂದು ಪ್ರತಿಯನ್ನು ಸಂಘದ ಕಚೇರಿಗೆ ಕಳುಹಿಸುವಂತೆ ತಪ್ಪದೆ ಹೇಳಿ. ಅದಕ್ಕಾಗಿ ಬೀರುವಿನ ಒಂದು ಅಂಕಣ ತೆರವು ಮಾಡಿಸಿದ್ದೇವೆ.