ಬೇಲೂರು ಎಂದರೆ ಎಷ್ಟು ಬೈಟ್?

2023ರ ಸೆಪ್ಟೆಂಬರ್‌ನಲ್ಲಿ ಬೇಲೂರು, ಹಳೇಬೀಡು ಮತ್ತು ಸೋಮನಾಥಪುರದ ಹೊಯ್ಸಳ ದೇವಾಲಯಗಳು ಯುನೆಸ್ಕೊದ ವಿಶ್ವ ಪರಂಪರೆ ಪಟ್ಟಿ ಸೇರಿದವು. ಆ ಹುರುಪಿನಲ್ಲಿ ಬೇಲೂರಿನ ಹೋಂಸ್ಟೇಗೋ ಅರಸೀಕೆರೆಯ ಕೊಬ್ಬರಿ ಮಂಡಿಗೋ ಕನ್ನಡದಲ್ಲೇ ವೆಬ್‌ಸೈಟ್ ಮಾಡಿಕೊಡಲು ಹೊರಟವರು ಒಂದು ಮಾತನ್ನು ಕೇಳಿಯೇ ಇರುತ್ತಾರೆ: ‘ಕಮಾಂಡ್ ಲೈನ್‌ಗೆ ಕನ್ನಡ ಬರುವುದಿಲ್ಲ.’

ಬರುತ್ತದೆ. ಕೆಲವು ಟರ್ಮಿನಲ್‌ಗಳಲ್ಲಿ ಒತ್ತಕ್ಷರ ಚದುರಿದಂತೆ ಕಾಣುವುದರಿಂದ ಈ ನಂಬಿಕೆ ಹುಟ್ಟಿದೆ. ಕೆಟ್ಟಿರುವುದು ಪರದೆಯ ಮೇಲಿನ ನೋಟ ಮಾತ್ರ. ಕಡತದೊಳಗಿನ ಪಠ್ಯಕ್ಕೆ ಏನೂ ಆಗಿರುವುದಿಲ್ಲ. ಕನ್ನಡ 1991ರ ಮೊದಲ ಆವೃತ್ತಿಯಿಂದಲೇ ಯೂನಿಕೋಡ್‌ನಲ್ಲಿದೆ. ಪದ ಹುಡುಕುವ ಗ್ರೆಪ್, ಪಠ್ಯ ಬದಲಿಸುವ ಸೆಡ್, ಪುಟ ತರಿಸುವ ಕರ್ಲ್ ಎಲ್ಲವೂ ಯುಟಿಎಫ್-8 ಕನ್ನಡವನ್ನು ಹಾಗೆಯೇ ಸ್ವೀಕರಿಸುತ್ತವೆ.

‘ಡಬ್ಲ್ಯುಸಿ ಹೈಫನ್ ಸಿ ಅಕ್ಷರ ಎಣಿಸುತ್ತದೆ’ ಎಂಬುದು ಇನ್ನೊಂದು ತಪ್ಪು ತಿಳಿವಳಿಕೆ. ಅದು ಎಣಿಸುವುದು ಬೈಟ್‌ಗಳನ್ನು. ‘ಬೇಲೂರು’ ನಮ್ಮ ಕಣ್ಣಿಗೆ ಮೂರು ಅಕ್ಷರ. ಯೂನಿಕೋಡ್ ಲೆಕ್ಕದಲ್ಲಿ ಬ, ಲ, ರ ಮತ್ತು ಅವುಗಳ ಮೂರು ಸ್ವರಚಿಹ್ನೆಗಳು ಸೇರಿ 6 ಸಂಕೇತ. ಒಂದೊಂದಕ್ಕೂ 3 ಬೈಟ್, ಒಟ್ಟು 18. ಸಂಕೇತಗಳ ಎಣಿಕೆ ಬೇಕಾದರೆ ಹೈಫನ್ ಎಂ ಕೊಡಬೇಕು. ಪುಟದ ಶೀರ್ಷಿಕೆಯನ್ನು ಬೈಟ್ ಲೆಕ್ಕದಲ್ಲಿ ಕತ್ತರಿಸಿದರೆ ಅಕ್ಷರ ನಡುವೆಯೇ ತುಂಡಾಗಿ, ಕೊನೆಗೊಂದು ಪ್ರಶ್ನಾರ್ಥಕ ಚಿಹ್ನೆಯ ಡಬ್ಬಿ ಉಳಿಯುತ್ತದೆ.

ಇದಕ್ಕಿಂತ ಕಾಡುವುದು ‘ಕಣ್ಣಿಗೆ ಒಂದೇ ಥರ ಕಂಡರೆ ಪದ ಒಂದೇ’ ಎಂಬ ನಂಬಿಕೆ. ‘ಬೇ’ಯ ದೀರ್ಘ ಏತ್ವವನ್ನು ಒಂದೇ ಸಂಕೇತವಾಗಿಯೂ ಇಡಬಹುದು, ಹ್ರಸ್ವ ಎತ್ವ ಮತ್ತು ದೀರ್ಘದ ಗುರುತು ಎಂದು ಎರಡಾಗಿಯೂ ಇಡಬಹುದು. ಎರಡನೆಯ ರೀತಿಯಲ್ಲಿ ಅದೇ ‘ಬೇಲೂರು’ 21 ಬೈಟ್ ಆಗುತ್ತದೆ. ಬ್ರೌಸರ್‌ನಲ್ಲಿ ಎರಡೂ ಒಂದೇ. ಗ್ರೆಪ್‌ಗೆ ಮಾತ್ರ ಬೇರೆ ಬೇರೆ ಪದ. ‘ಅರಸೀಕೆರೆ’ಯ ‘ಸೀ’, ‘ಹಳೇಬೀಡಿ’ನ ‘ಳೇ’ ಮತ್ತು ‘ಬೀ’ಗಳ ಕಥೆಯೂ ಇದೇ. ಎಚ್‌ಎಫ್‌ಎಸ್ ಪ್ಲಸ್ ಕಡತ ವ್ಯವಸ್ಥೆ ಇದ್ದ ಹಳೆಯ ಮ್ಯಾಕ್‌ಗಳು ಕಡತದ ಹೆಸರನ್ನು ಹೀಗೆ ಬಿಡಿಸಿಯೇ ಇಡುತ್ತಿದ್ದವು. ಅಂಥ ಫೋಟೋವನ್ನು ಲಿನಕ್ಸ್ ಸರ್ವರ್‌ಗೆ ಹಾಕಿದರೆ ಹೆಸರು ಸರಿಯಿದ್ದಂತೆ ಕಂಡರೂ 404 ಬರಬಹುದು. ಪಠ್ಯವನ್ನೋ ಕಡತಗಳ ಹೆಸರಿನ ಪಟ್ಟಿಯನ್ನೋ ಹೆಕ್ಸ್‌ಡಂಪ್‌ಗೆ ಪೈಪ್ ಮಾಡಿದರೆ ಗುಟ್ಟು ಬಯಲಾಗುತ್ತದೆ. ಯೂನಿಕೋಡ್ ಲೈಬ್ರರಿಯಾದ ಐಸಿಯು ಜೊತೆ ಬರುವ ಯುಕಾನ್ವ್‌ಗೆ ಎನ್‌ಎಫ್‌ಸಿ, ಅಂದರೆ ಒಂದೇ ಸಂಕೇತವಾಗಿ ಕೂಡಿಸಿದ ರೂಪಕ್ಕೆ ತರಲು ಹೇಳಿದರೆ ಪಠ್ಯವೆಲ್ಲ ಒಂದೇ ಬಗೆಯಾಗುತ್ತದೆ. ಹುಡುಕಾಟದ ಸೌಲಭ್ಯವಿರುವ ಪ್ರತಿ ಕನ್ನಡ ಸೈಟ್‌ಗೂ ಈ ಹೆಜ್ಜೆ ಕಡ್ಡಾಯವಾಗಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಹಾಗೆಂದು ಯುಕಾನ್ವ್ ಎಲ್ಲವನ್ನೂ ಸರಿಮಾಡೀತು ಎಂದುಕೊಳ್ಳಬೇಡಿ. ಹಳೆಯ ಡಿಟಿಪಿ ಕಡತಗಳಲ್ಲಿ ನುಡಿ ಫಾಂಟ್‌ನ ಆಸ್ಕಿ ಪಠ್ಯವಿದ್ದರೆ ಒಳಗಿರುವುದು ಕನ್ನಡವೇ ಅಲ್ಲ, ಕನ್ನಡದ ವೇಷ ತೊಟ್ಟ ಲ್ಯಾಟಿನ್ ಅಕ್ಷರಗಳು. ಸಂಕೇತ ಪದ್ಧತಿ ಬದಲಿಸುವ ಐಕಾನ್ವ್‌ಗೂ ಆ ಪದ್ಧತಿ ಗೊತ್ತಿಲ್ಲ. ಅದಕ್ಕೆಂದೇ ಇರುವ ಪರಿವರ್ತಕ ಬೇಕು.

‘ಅಕ್ಷರಕ್ಕೆ 3 ಬೈಟ್ ಎಂದರೆ ಕನ್ನಡ ಪುಟ ನಿಧಾನ’ ಎನ್ನುವವರೂ ಇದ್ದಾರೆ. ಕನ್ನಡದ ಪ್ರತಿ ಸಂಕೇತದ ಮೊದಲ ಎರಡು ಬೈಟ್‌ಗಳ ಜೋಡಿ ಎರಡೇ ಬಗೆಯದು: ಇ0 ಬಿ2 ಅಥವಾ ಇ0 ಬಿ3. ಇಷ್ಟೊಂದು ಪುನರಾವರ್ತನೆಯನ್ನು ಜಿಜಿಪ್ ಚೆನ್ನಾಗಿ ಕುಗ್ಗಿಸುತ್ತದೆ. ಪುಟದ ಕಡತವನ್ನು ಜಿಜಿಪ್ ಹೈಫನ್ ಸಿ ಮೂಲಕ ಡಬ್ಲ್ಯುಸಿಗೆ ಪೈಪ್ ಮಾಡಿ ನೋಡಿ, ವ್ಯತ್ಯಾಸ ತಾನೇ ಕಾಣುತ್ತದೆ. ಸರ್ವರ್‌ನಲ್ಲಿ ಜಿಜಿಪ್ ಚಾಲೂ ಇದೆಯೇ ಎಂಬುದನ್ನು ಕರ್ಲ್‌ನಿಂದ ಜಿಜಿಪ್ ರೂಪವನ್ನೇ ಕೇಳಿ, ಹೆಡರ್ ತರಿಸಿ ತಿಳಿಯಬಹುದು.

ನಿಜವಾದ ಭಾರ ಚಿತ್ರಗಳದ್ದು. 1117ರಲ್ಲಿ ಪ್ರತಿಷ್ಠೆಯಾದ ಚೆನ್ನಕೇಶವ ಗುಡಿಯ ಒಂದು ಮದನಿಕೆಯ ಫೋಟೋ, ಮೊಬೈಲಿನಲ್ಲಿ ತೆಗೆದದ್ದು ಹಾಗೇ ಹಾಕಿದರೆ, ಇಡೀ ಪುಟದ ಪಠ್ಯಕ್ಕಿಂತ ಎಷ್ಟೋ ಪಟ್ಟು ದೊಡ್ಡದು. ಇಮೇಜ್‌ಮ್ಯಾಜಿಕ್‌ನ ಮೊಗ್ರಿಫೈ ಒಂದೇ ಸಾಲಿನಲ್ಲಿ ಫೋಲ್ಡರ್‌ನ ಎಲ್ಲ ಚಿತ್ರಗಳನ್ನೂ ಚಿಕ್ಕದು ಮಾಡುತ್ತದೆ. ಆದರೆ ‘ಬೇಡವಾದರೆ ಅಂಡೂ ಮಾಡಿದರಾಯಿತು’ ಎಂದು ನಂಬಬೇಡಿ. ಮೊಗ್ರಿಫೈ ಮೂಲ ಚಿತ್ರದ ಮೇಲೆಯೇ ಬರೆಯುತ್ತದೆ, ಸೆಡ್ ಹೈಫನ್ ಐ ಮೂಲ ಕಡತವನ್ನೇ ಬದಲಿಸುತ್ತದೆ. ಎರಡಕ್ಕೂ ಕಸದ ಬುಟ್ಟಿಯಿಲ್ಲ. ಮೊಗ್ರಿಫೈಗೆ ಹೈಫನ್ ಪಾತ್ ಕೊಟ್ಟು ಬೇರೆ ಫೋಲ್ಡರ್ ತೋರಿಸಿ. ಸೆಡ್ ಓಡಿಸುವ ಮೊದಲು ಗಿಟ್‌ನಲ್ಲಿ ಕಮಿಟ್ ಮಾಡಿ.