ಕೊನೆಗಾರರು ಬೆಲ್ಟ್ ಯಾಕೆ ಹಾಕಲ್ಲ? ಅಡಿಕೆ ಮರದ ತುದಿಯ ಒಂದು ಲೆಕ್ಕ

ಇವತ್ತಿನ ವಿಷಯ ಅಡಿಕೆ. ಕ್ವಿಂಟಾಲ್‌ಗೆ ಎಷ್ಟಾಯ್ತು ಅನ್ನೋ ಸುದ್ದಿ ಅಲ್ಲ, ಅದು ನಿಮ್ಮ ವಾಟ್ಸಾಪ್‌ಗೆ ದಿನಾ ಬರುತ್ತೆ. ಆ ಅಡಿಕೆಯನ್ನು ಮರದ ತುದಿಯಿಂದ ಕೆಳಗಿಳಿಸುವ ಮನುಷ್ಯನ ಕೆಲಸದ ಬಗ್ಗೆ ಮಾತಾಡೋಣ. ಮಲೆನಾಡಿನ ಕಡೆ ಅವರನ್ನು ಕೊನೆಗಾರ ಅಂತಾರೆ.

ದೇಶದಲ್ಲೇ ಅತಿ ಹೆಚ್ಚು ಅಡಿಕೆ ಬೆಳೆಯುವ ರಾಜ್ಯ ನಮ್ಮದು. ಆದರೆ ಪ್ರತಿ ಸೀಸನ್‌ನಲ್ಲೂ ತೋಟದವರ ಬಾಯಲ್ಲಿ ಒಂದೇ ಮಾತು: ‘ಮರ ಹತ್ತೋಕೆ ಜನ ಇಲ್ಲ, ಈಗಿನ ಹುಡುಗರಿಗೆ ಧೈರ್ಯ ಇಲ್ಲ.’ ನಾನು ಓದಿದ್ದು ಬಿ.ಕಾಂ. ಹಾಗಾಗಿ ಧೈರ್ಯದ ಮಾತು ಬಂದಾಗೆಲ್ಲ ನನಗೆ ಲೆಕ್ಕದ ಪುಸ್ತಕ ನೆನಪಾಗುತ್ತೆ. ಇದು ಧೈರ್ಯದ ಸಮಸ್ಯೆನಾ, ಕೂಲಿ ಲೆಕ್ಕದ ಸಮಸ್ಯೆನಾ? ನೋಡೋಣ.

ಮೊದಲು ಕೆಲಸ ಏನು ಅಂತ ತಿಳ್ಕೊಳ್ಳೋಣ. ಬೆಳೆದ ಅಡಿಕೆ ಮರ ಅಂದ್ರೆ 40, 50, ಕೆಲವು ಹಳೇ ತೋಟಗಳಲ್ಲಿ 60 ಅಡಿಗೂ ಮೇಲೆ. ಕೊಂಬೆ ಇಲ್ಲ, ಹಿಡಿಯೋಕೆ ಏನೂ ಇಲ್ಲ, ತೆಳ್ಳಗಿನ ಒಂದು ಕಂಬ, ಅದೂ ಗಾಳಿಗೆ ಬಾಗುತ್ತೆ. ಕಾಲಿಗೆ ಹಗ್ಗದ ಒಂದು ಬಳೆ ಹಾಕ್ಕೊಂಡು, ಅದರ ಹಿಡಿತದಲ್ಲಿ ಮೇಲೇರ್ತಾರೆ. ಕೆಲವು ಕಡೆ ಇದಕ್ಕೆ ತಳೆ ಅಂತ ಹೆಸರು.

ವರ್ಷಕ್ಕೆ ಒಂದು ಸಲ ಹತ್ತಿದರೆ ಮುಗೀತು ಅಂದ್ಕೋಬೇಡಿ. ಮಳೆ ಶುರುವಾಗೋ ಹೊತ್ತಿಗೆ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೀಬೇಕು. ಒಂದು ಕೆಜಿ ಮೈಲುತುತ್ತ, ಒಂದು ಕೆಜಿ ಸುಣ್ಣ, 100 ಲೀಟರ್ ನೀರು. ಮೈಸೂರು ಸಂಸ್ಥಾನದ ಕೃಷಿ ವಿಜ್ಞಾನಿ ಲೆಸ್ಲಿ ಕೋಲ್ಮನ್ ನೂರು ವರ್ಷಕ್ಕೂ ಹಿಂದೆ ಅಡಿಕೆಗೆ ಹೊಂದಿಸಿಕೊಟ್ಟ ಈ ಮದ್ದು ಇವತ್ತಿಗೂ ನಡೀತಿದೆ. 40–45 ದಿನ ಬಿಟ್ಟು ಇನ್ನೊಂದು ಸಲ. ಅಂದ್ರೆ ಎರಡನೇ ಸಿಂಪಡಣೆ ಬರೋದು ಜೋರು ಮಳೆಗಾಲದ ನಡುವೆ, ಕಾಂಡದ ಮೇಲೆ ಪಾಚಿ ಕಟ್ಟಿ ಜಾರುವ ಹೊತ್ತಲ್ಲಿ. ಆಮೇಲೆ ಕೊಯ್ಲು, ಅದೂ ಎರಡು–ಮೂರು ಸುತ್ತು. ಮಲೆನಾಡಿನ ಕೆಂಪಡಿಕೆಗೆ ಕಾಯಿ ಎಳೆಯದಿರುವಾಗಲೇ ಇಳಿಸಬೇಕು, ಕರಾವಳಿಯ ಚಾಲಿಗೆ ಹಣ್ಣಾಗಬೇಕು. ಯಾವ ಕೊನೆ ಈಗ, ಯಾವುದು ಮುಂದಿನ ಸುತ್ತಿಗೆ ಅಂತ ಮರದ ತುದಿಯಲ್ಲಿ ನೇತಾಡ್ತಾ ಕ್ಷಣದಲ್ಲಿ ತೀರ್ಮಾನ ಮಾಡೋದು ಕೊನೆಗಾರ.

ಇಲ್ಲೊಂದು ವಿಷಯ ಗಮನಿಸಿ. ನುರಿತವರು ಒಂದು ಮರ ಮುಗಿಸಿ ಕೆಳಗಿಳಿಯೋದೇ ಇಲ್ಲ. ಪಕ್ಕದ ಮರವನ್ನು ಎಳೆದು, ತಾವಿರೋ ಮರವನ್ನು ಬಾಗಿಸಿ, ಮೇಲಿಂದ ಮೇಲೇ ದಾಟ್ತಾರೆ. ಕೆಳಗೆ ನಿಂತು ನೋಡೋರಿಗೆ ಸರ್ಕಸ್. ಆದರೆ ಅವರು ಹಾಗೆ ಮಾಡೋದು ಶೋಗೋಸ್ಕರ ಅಲ್ಲ. ಎಷ್ಟೋ ಕಡೆ ಕೂಲಿ ಮರದ ಲೆಕ್ಕ ಅಥವಾ ಕೊನೆಯ ಲೆಕ್ಕ. ಇಳಿದು ಹತ್ತಿದರೆ ಹೊತ್ತು ಹೋಗುತ್ತೆ, ಹೊತ್ತು ಹೋದರೆ ದುಡ್ಡು ಹೋಗುತ್ತೆ.

ಈಗ ಬೆಲ್ಟ್ ಪ್ರಶ್ನೆಗೆ ಬರೋಣ. ಬೆಲ್ಟ್ ಹಾಕಿದರೆ ಕಾಂಡದ ಸುತ್ತ ಹಗ್ಗ ಬಳಸಬೇಕು, ಏರ್ತಾ ಏರ್ತಾ ಅದನ್ನು ಮೇಲಕ್ಕೆ ಸರಿಸಬೇಕು, ಮರ ದಾಟುವಾಗ ಬಿಚ್ಚಿ ಮತ್ತೆ ಹಾಕಬೇಕು. ಉದಾಹರಣೆಗೆ ಒಂದು ಮರಕ್ಕೆ ಎರಡು ನಿಮಿಷ ಹೆಚ್ಚಾಯ್ತು ಅಂದ್ಕೊಳ್ಳಿ. ದಿನಕ್ಕೆ 60 ಮರ ಆದರೆ ಎರಡು ಗಂಟೆ. ಮರದ ಲೆಕ್ಕದಲ್ಲಿ ಕೂಲಿ ಇದ್ದರೆ ಆ ಎರಡು ಗಂಟೆಯ ನಷ್ಟ ಯಾರದ್ದು? ಪೂರ್ತಿ ಕೊನೆಗಾರನದ್ದು. ಅಂದ್ರೆ, ಜೀವ ಉಳಿಸಿಕೊಳ್ಳೋಕೆ ಅವನು ತನ್ನ ಜೇಬಿಂದ ದುಡ್ಡು ಕೊಡಬೇಕು. ಇದನ್ನೇ ನಾವು ‘ಅವರಿಗೆ ಬೆಲ್ಟ್ ಅಭ್ಯಾಸ ಇಲ್ಲ’ ಅಂತ ಒಂದೇ ಮಾತಲ್ಲಿ ಮುಗಿಸಿಬಿಡ್ತೀವಿ.

ಬಿದ್ದರೆ ಏನಾಗುತ್ತೆ? 50 ಅಡಿಯಿಂದ ನೆಲ ಮುಟ್ಟೋಕೆ ಎರಡು ಸೆಕೆಂಡೂ ಬೇಡ. ಆಗ ವೇಗ ಗಂಟೆಗೆ ಸುಮಾರು 60 ಕಿಲೋಮೀಟರ್. ಬದುಕಿದರೂ ಎಷ್ಟೋ ಸಲ ಪೆಟ್ಟು ಬೀಳೋದು ಬೆನ್ನುಹುರಿಗೆ. ಬೆಳ್ತಂಗಡಿ ತಾಲ್ಲೂಕಿನ ಕೊಕ್ಕಡದ ಹತ್ತಿರ ಬೆನ್ನುಹುರಿ ಅಪಘಾತಕ್ಕೆ ಒಳಗಾದವರಿಗಾಗಿಯೇ ‘ಸೇವಾಧಾಮ’ ಅನ್ನೋ ಪುನಶ್ಚೇತನ ಕೇಂದ್ರ ಇದೆ. ಹಳ್ಳಿಗಾಡಿನ ನಡುವೆ ಅಂಥದ್ದೊಂದು ಕೇಂದ್ರ ಬೇಕಾಯ್ತು ಅನ್ನೋದನ್ನೇ ಸ್ವಲ್ಪ ಯೋಚನೆ ಮಾಡಿ.

ಹಾಗಾದ್ರೆ ಸಲಕರಣೆ ಬಂದಿಲ್ವಾ? ಬಂದಿದೆ. 2019ರಲ್ಲಿ ಬಂಟ್ವಾಳ ಕಡೆಯ ಕೃಷಿಕ ಗಣಪತಿ ಭಟ್ ಅವರ ಟ್ರೀ ಬೈಕ್ ವಿಡಿಯೋ ವೈರಲ್ ಆಗಿದ್ದು ನಿಮಗೆ ನೆನಪಿರಬಹುದು. ಪೆಟ್ರೋಲ್ ಎಂಜಿನ್, ಸೀಟು, ಬ್ರೇಕ್. ಕೂತರೆ ಅರ್ಧ ನಿಮಿಷದ ಆಸುಪಾಸಲ್ಲಿ ತುದಿ. ಹತ್ತೋ ಸುಸ್ತು ಹೋಯ್ತು. ಆದರೆ ಮರದಿಂದ ಮರಕ್ಕೆ ಯಂತ್ರ ಹೊತ್ತು ಸಾಗಿಸಬೇಕು, ಮೇಲಿಂದ ಮೇಲೆ ದಾಟೋಕಾಗಲ್ಲ.

ಇನ್ನೊಂದು ದಾರಿ ಕಾರ್ಬನ್ ಫೈಬರ್ ದೋಟಿ. ಮೀನು ಹಿಡಿಯೋ ಗಾಳದ ಕೋಲಿನ ಥರ ಒಂದರೊಳಗೊಂದು ಸೇರೋ ಉದ್ದ ಕೋಲು. ನೆಲದಲ್ಲೇ ನಿಂತು ಕೊನೆ ಕೊಯ್ಯಬಹುದು, ತುದಿಗೆ ಪೈಪ್ ಕಟ್ಟಿ ಮದ್ದೂ ಹೊಡೀಬಹುದು. ಕೆಲವೇ ವರ್ಷಗಳಲ್ಲಿ ತೋಟದ ಕೆಲಸವನ್ನೇ ಬದಲಾಯಿಸಿದ ಸಾಧನ ಇದು. ಆದರೆ ನಾನು ಒಮ್ಮೆ ಹಿಡಿದು ನೋಡಿದೆ. ಐದೇ ನಿಮಿಷಕ್ಕೆ ಕತ್ತು ಹಿಡೀತು, ಕೋಲಿನ ತುದಿ ನಾನು ಹೇಳಿದ ಕಡೆ ಹೋಗ್ಲೇ ಇಲ್ಲ. ಇದಕ್ಕೂ ಕಲಿಕೆ ಬೇಕು. ಮತ್ತೆ, ದಯವಿಟ್ಟು ಇದೊಂದನ್ನು ನೆನಪಿಟ್ಕೊಳ್ಳಿ: ಕಾರ್ಬನ್ ಫೈಬರ್‌ನಲ್ಲಿ ಕರೆಂಟ್ ಹರಿಯುತ್ತೆ. ಹಳೇ ಅಲ್ಯುಮಿನಿಯಂ ದೋಟಿಯಷ್ಟೇ ಇದೂ ಅಪಾಯ. ತೋಟದ ಮೇಲೆ ವಿದ್ಯುತ್ ತಂತಿ ಹೋಗಿದ್ದರೆ ಆ ಸಾಲಿನ ಮರಗಳಿಗೆ ದೋಟಿ ಎತ್ತಲೇಬಾರದು.

ಅಂದ್ರೆ ಯಾವ ಸಲಕರಣೆ ಬಂದರೂ ತರಬೇತಿ ತಪ್ಪಲ್ಲ. ಬ್ರಿಟನ್‌ನಲ್ಲಿ ಮರ ಹತ್ತಿ ಕೊಂಬೆ ಕತ್ತರಿಸುವವರಿಗೆ ‘ಟ್ರೀ ಸರ್ಜನ್’ ಅಂತ ಹೆಸರು. ಅಲ್ಲಿನ ಸುರಕ್ಷತಾ ನಿಯಮದ ಪ್ರಕಾರ ಒಬ್ಬರೇ ಹತ್ತೋ ಹಾಗಿಲ್ಲ. ಮೇಲಿರುವವನಿಗೆ ಏನಾದರೂ ಆದರೆ ಹತ್ತಿ ಇಳಿಸಬಲ್ಲ ಇನ್ನೊಬ್ಬ ಕೆಳಗೆ ಇರಲೇಬೇಕು. ಮನುಷ್ಯನ ಭಾರ ಹೊರುವ ಹಗ್ಗ, ಬೆಲ್ಟ್‌ಗಳನ್ನು ಆರು ತಿಂಗಳಿಗೊಮ್ಮೆ ಪರೀಕ್ಷೆ ಮಾಡಿಸಬೇಕು. ನಮ್ಮ ತೋಟಕ್ಕೆ ಇದನ್ನೆಲ್ಲ ಹಾಗೇ ತರೋಕಾಗಲ್ಲ ನಿಜ. ಆದರೆ ಆ ಯೋಚನೆ ನೋಡಿ: ಸುರಕ್ಷತೆ ಹತ್ತುವವನೊಬ್ಬನ ಖರ್ಚಲ್ಲ, ಕೆಲಸದ ಖರ್ಚು.

ನಮ್ಮಲ್ಲೂ ಉದಾಹರಣೆ ಇದೆ. ತೆಂಗು ಅಭಿವೃದ್ಧಿ ಮಂಡಳಿ 2011ರಲ್ಲಿ ‘ತೆಂಗಿನ ಮರದ ಗೆಳೆಯರು’ ಅನ್ನೋ ತರಬೇತಿ ಶುರು ಮಾಡಿತು. ಆರು ದಿನದ ಶಿಬಿರ, ಯಂತ್ರದಲ್ಲಿ ಹತ್ತೋ ಅಭ್ಯಾಸ, ತೆಂಗಿನ ರೋಗ–ಕೀಟಗಳ ಪಾಠ, ಜೊತೆಗೆ ಅಪಘಾತ ವಿಮೆ. ಅಲ್ಲಿ ಬಳಸೋ ಯಂತ್ರಗಳಲ್ಲಿ ಒಂದನ್ನು ಮಾಡಿದ್ದು ಕೇರಳದ ಚೆಂಬೇರಿಯ ಕೃಷಿಕ ಜೋಸೆಫ್. ಅಡಿಕೆಗೆ ವಿಟ್ಲದ ಸಿಪಿಸಿಆರ್‌ಐ ಕೇಂದ್ರದಲ್ಲಿ ಮರ ಹತ್ತುವ ಶಿಬಿರಗಳು ನಡೆದಿವೆ, ದೋಟಿ ತರಬೇತಿಗೆ ಕ್ಯಾಂಪ್ಕೋ ಕೂಡ ಕೈಜೋಡಿಸಿದೆ. ಸರ್ಟಿಫಿಕೇಟ್ ಸಿಗುತ್ತೆ, ವಿಮೆ ಇರುತ್ತೆ ಅಂದಾಗ ಇದು ‘ಕೂಲಿ’ ಆಗಿ ಉಳಿಯಲ್ಲ, ಕಸುಬಾಗುತ್ತೆ. ಹುಡುಗರು ಬರದೇ ಇರೋದಕ್ಕೆ ಎತ್ತರದ ಭಯ ಒಂದೇ ಕಾರಣ ಅಲ್ಲ. ಬಿದ್ದರೆ ಮುಂದೇನು ಅನ್ನೋ ಪ್ರಶ್ನೆಗೆ ಉತ್ತರ ಇಲ್ಲದಿರೋದೂ ಕಾರಣ.

ನಮ್ಮ ಅಕೌಂಟೆನ್ಸಿಯಲ್ಲಿ ಸವಕಳಿ ಅಂತ ಇದೆ. ಯಂತ್ರ ತಂದರೆ ವರ್ಷ ವರ್ಷ ಅದು ಸವೆಯೋದಕ್ಕೆ ಇಷ್ಟು ಅಂತ ಎತ್ತಿಡ್ತೀವಿ. ದೋಟಿಗೆ ಆ ಲೆಕ್ಕ ಹಾಕೋ ನಾವು ಕೊನೆಗಾರನ ಮಂಡಿಗೆ, ಬೆನ್ನಿಗೆ ಹಾಕಲ್ಲ.

ಹಾಗಾಗಿ ತೋಟ ಇರೋ ಮನೆಯವರಿಗೆ ಮೂರು ಕೆಲಸ ಹೇಳಿ ಮುಗಿಸ್ತೀನಿ.

ಒಂದು, ಬೆಲ್ಟ್ ನೀವೇ ತನ್ನಿ, ಮತ್ತೆ ಬೆಲ್ಟ್ ಹಾಕಿ ಹತ್ತೋ ದಿನಕ್ಕೆ ಮರದ ಲೆಕ್ಕ ಬಿಟ್ಟು ದಿನದ ಲೆಕ್ಕದಲ್ಲಿ ಕೂಲಿ ಕೊಡಿ. ಬೆಲ್ಟ್ ಕೊಟ್ಟು ಮರದ ಲೆಕ್ಕ ಇಟ್ಟರೆ ಆ ಬೆಲ್ಟ್ ಕೊಟ್ಟಿಗೆಯ ಗೂಟದಲ್ಲೇ ನೇತಾಡುತ್ತೆ.

ಎರಡು, ಪ್ರಧಾನಮಂತ್ರಿ ಸುರಕ್ಷಾ ಬಿಮಾ ಯೋಜನೆ. ವರ್ಷಕ್ಕೆ 20 ರೂಪಾಯಿ. 18ರಿಂದ 70 ವರ್ಷದೊಳಗಿನ, ಬ್ಯಾಂಕ್ ಖಾತೆ ಇರೋ ಯಾರೂ ಸೇರಬಹುದು. ಅಪಘಾತದಲ್ಲಿ ಸಾವು ಅಥವಾ ಶಾಶ್ವತ ಪೂರ್ಣ ಅಂಗವೈಕಲ್ಯಕ್ಕೆ 2 ಲಕ್ಷ. ಅದು ಸಾಕಾ? ಸಾಲದು. ಆದರೆ ಇಲ್ಲದಿರೋದಕ್ಕಿಂತ ವಾಸಿ. ನಿಮ್ಮ ತೋಟಕ್ಕೆ ಬರೋರದ್ದು ಆಗಿದೆಯಾ ಅಂತ ಕೇಳಿ, ಇಲ್ಲಾಂದ್ರೆ ಬ್ಯಾಂಕಿಗೆ ಜೊತೆಗೆ ಹೋಗಿ.

ಮೂರು, ಯಾರಾದರೂ ಬಿದ್ದರೆ ಎತ್ತಿ ಕೂರಿಸಬೇಡಿ, ನೀರು ಕುಡಿಸಬೇಡಿ, ನಾಲ್ಕು ಜನ ಕೈಕಾಲು ಹಿಡಿದು ಜೀಪಿಗೆ ಹಾಕಬೇಡಿ. 108ಕ್ಕೆ ಫೋನ್ ಮಾಡಿ. ತಲೆ, ಕುತ್ತಿಗೆ, ಬೆನ್ನು ಅಲುಗಾಡದ ಹಾಗೆ ನೋಡ್ಕೊಳ್ಳಿ. ಸಾಗಿಸಲೇಬೇಕು ಅಂದ್ರೆ ಇಡೀ ದೇಹವನ್ನು ಒಟ್ಟಿಗೆ, ಮರದ ದಿಮ್ಮಿ ಹೊರಳಿಸಿದ ಹಾಗೆ ಹೊರಳಿಸಿ ಗಟ್ಟಿ ಹಲಗೆಯ ಮೇಲೆ ಮಲಗಿಸಿ. ಬಿದ್ದಾಗ ಉಳಿದಿದ್ದ ಬೆನ್ನುಹುರಿ ಎತ್ತುವಾಗ ಹೋಗಬಹುದು.

ಈ ಸಂಚಿಕೆ ಇಷ್ಟವಾಗಿದ್ರೆ ತೋಟ ಇರೋ ನಿಮ್ಮ ಚಿಕ್ಕಪ್ಪನಿಗೋ, ಮಾವನಿಗೋ ಫಾರ್ವರ್ಡ್ ಮಾಡಿ. ಪೂರ್ತಿ ಕೇಳೋಕೆ ಅವರಿಗೆ ಪುರುಸೊತ್ತಿಲ್ಲ ಅಂದ್ರೆ ಕೊನೇ ಮೂರು ಮಾತನ್ನಾದರೂ ನೀವೇ ಹೇಳಿ. ಮುಂದಿನ ವಾರ ಸಿಗೋಣ.